ಪಾತರಗಿತ್ತಿ ಯಾರ ಹಂಗಿನಲ್ಲಿದೆ?

ದ.ರಾ. ಬೇಂದ್ರೆಯವರ ‘ಪಾತರಗಿತ್ತಿ ಪಕ್ಕ’ ಕವಿತೆಯನ್ನು ಕೇಳದೆ, ಓದದೆ ಬೆಳೆದ ಕನ್ನಡದ ಮಕ್ಕಳು ಕಡಿಮೆ. ಆದರೆ ಬೆಂಗಳೂರು ಕಂಟೋನ್ಮೆಂಟಿನ ರಿಚರ್ಡ್ಸ್ ಟೌನ್, ಫ್ರೇಜರ್ ಟೌನ್, ಕಾಕ್ಸ್ ಟೌನ್ ಕಡೆ ತಮಿಳು, ಉರ್ದು, ಇಂಗ್ಲಿಷ್ ಆಡುವ ಮನೆಗಳೇ ಹೆಚ್ಚು. ಅಲ್ಲಿನ ಮಗುವಿಗೆ ಕವಿತೆಯ ಧಾರವಾಡದ ಆಡುಮಾತು ಎರಡು ಪಟ್ಟು ದೂರ. ಪದಗಳ ಅರ್ಥ ಬರೆಸುವಷ್ಟರಲ್ಲಿ ಪಾಠದ ಅವಧಿ ತೀರಿಹೋದರೆ, ಮಗುವಿನ ಕೈಯಲ್ಲಿ ಉಳಿಯುವುದು ‘ಚಿಟ್ಟೆ ಸ್ವಾತಂತ್ರ್ಯದ ಸಂಕೇತ’ ಎಂಬ ಒಂದು ಸಿದ್ಧ ವಾಕ್ಯ. ಅದು ಅರ್ಧ ಉತ್ತರ ಮಾತ್ರ ಎಂಬುದು ನನ್ನ ವಾದ. ಬೇಂದ್ರೆಯವರ ಪಾತರಗಿತ್ತಿ ಬರಿಯ ಬಯಲಲ್ಲಿ ಹಾರುವುದಿಲ್ಲ. ಊರಂಚಿನ ಗಿಡಬಳ್ಳಿಗಳನ್ನು ಕವಿ ಒಂದೊಂದಾಗಿ ಹೆಸರು ಹಿಡಿದು ಕರೆಯುತ್ತಾರೆ. ಚಿಟ್ಟೆ ಒಂದನ್ನು ಮೂಸಿ, ಇನ್ನೊಂದರಲ್ಲಿ ಇಣುಕಿ ಮುಂದೆ ಸಾಗುತ್ತದೆ. ‘ಹೂವು’ ಎಂಬ ಒಂದೇ ಪದದಲ್ಲಿ ಮುಗಿಸಬಹುದಾಗಿದ್ದ ಮಾತಿಗೆ ಇಷ್ಟೊಂದು ಹೆಸರುಗಳೇಕೆ? ಆ ಹಾರಾಟ ಗಿಡಗಳ ಋಣದಲ್ಲಿ ನಡೆಯುತ್ತಿದೆ ಎಂಬುದನ್ನು ಕವಿ ಕಂಡಿದ್ದರು, ಅದಕ್ಕೆ.

ರಿಚರ್ಡ್ಸ್ ಪಾರ್ಕಿನಂಥ ಜಾಗದಲ್ಲಿ ಕುಳಿತು ನೋಡುವವರಿಗೆ ಚಿಟ್ಟೆ ಗೊತ್ತುಗುರಿಯಿಲ್ಲದೆ ಅಲೆಯುವಂತೆ ಕಾಣುತ್ತದೆ. ಆದರೆ ಆ ಓಲಾಟಕ್ಕೂ ಕಾರಣವಿದೆ: ಮುಂದಿನ ಕ್ಷಣ ಅದು ಎತ್ತ ತಿರುಗೀತೆಂದು ಹಕ್ಕಿಗೆ ಊಹಿಸಲಾಗಬಾರದು. ಹಕ್ಕಿಗೆ ರುಚಿಸುವ ಚಿಟ್ಟೆಗಳು ಹೀಗೆ ಅಂಕುಡೊಂಕಾಗಿ ಹಾರಿದರೆ, ರುಚಿಸದವು ನಿಧಾನವಾಗಿ, ಮೈತೋರಿಸಿಕೊಂಡು ಹಾರುತ್ತವೆ. ಪ್ಲೇನ್ ಟೈಗರ್ ಎಂಬ ಕಿತ್ತಳೆ ಬಣ್ಣದ ಚಿಟ್ಟೆಯ ಮರಿಹುಳು ಎಕ್ಕದ ಎಲೆ ತಿಂದು ಬೆಳೆಯುತ್ತದೆ. ಎಕ್ಕದ ಹಾಲಿನಲ್ಲಿರುವ ವಿಷ ಹುಳುವಿನ ಮೈಸೇರಿ ಚಿಟ್ಟೆಯಾದ ಮೇಲೂ ಉಳಿಯುತ್ತದೆ. ಒಮ್ಮೆ ಕಚ್ಚಿ ಪಾಠ ಕಲಿತ ಹಕ್ಕಿ ಆ ಬಣ್ಣದ ತಂಟೆಗೆ ಮತ್ತೆ ಹೋಗುವುದಿಲ್ಲ. ಕ್ರಿಮ್ಸನ್ ರೋಸ್ ಚಿಟ್ಟೆಗೆ ಇದೇ ರಕ್ಷಣೆ ಈಶ್ವರಿ ಬಳ್ಳಿಯಿಂದ ಸಿಗುತ್ತದೆ. ನಾವು ನಿರ್ಭಯ ಎಂದು ಮೆಚ್ಚುವ ಆ ನಡಿಗೆ, ಗಿಡವೊಂದು ಎರವಲು ಕೊಟ್ಟ ಧೈರ್ಯ. ಮೊಟ್ಟೆಯಿಡುವ ಹೆಣ್ಣು ಚಿಟ್ಟೆಯಂತೂ ಎಲೆಯ ಮೇಲೆ ಮುಂಗಾಲು ತಟ್ಟಿ ರುಚಿ ನೋಡುತ್ತದೆ, ಏಕೆಂದರೆ ಮೊಟ್ಟೆಯೊಡೆದು ಬರುವ ಹುಳುವಿಗೆ ಆ ಒಂದು ಜಾತಿಯ ಗಿಡ, ಅಥವಾ ಅದರ ಹತ್ತಿರದ ನಂಟಿನ ಗಿಡ, ಬೇಕೇ ಬೇಕು. ಕಾಮನ್ ಮಾರ್ಮನ್ ಚಿಟ್ಟೆಗೆ ಕರಿಬೇವು, ನಿಂಬೆಯ ಕುಲವೇ ತವರು. ಬೆಳಗಿನ ಚಳಿಯಲ್ಲಿ ಬಿಸಿಲು ಕಾಯಿಸಿ ಮೈ ಬೆಚ್ಚಗಾಗದೆ ಚಿಟ್ಟೆಗೆ ಹಾರಲೂ ಆಗದು.

ಕವಿತೆ ಜೀವಶಾಸ್ತ್ರದ ಪಾಠವಲ್ಲ, ಸಂಕೇತಕ್ಕೆ ಹುಳುವಿನ ಊಟದ ಪಟ್ಟಿ ಯಾಕೆ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ಸಂಕೇತಕ್ಕೆ ಬಲ ಬರುವುದು ವಸ್ತುವಿನಿಂದ. ವಸ್ತುವನ್ನು ಮರೆತರೆ ಚಿಟ್ಟೆಯ ಜಾಗದಲ್ಲಿ ಗಾಳಿಪಟವನ್ನಿಟ್ಟರೂ ಉತ್ತರ ಬದಲಾಗುವುದಿಲ್ಲ. ಕವಿತೆಯ ಕೊನೆ ದೇವಲೋಕದ ಕಡೆಗಲ್ಲವೇ, ಅಲ್ಲಿ ನೆಲದ ಹಂಗು ಕಳಚುವುದಿಲ್ಲವೇ ಎಂಬುದು ಇನ್ನೂ ಗಟ್ಟಿಯಾದ ಆಕ್ಷೇಪ. ಇನ್ನೆಲ್ಲಿಗೆ ಇದರ ಓಟ ಎಂದು ಕೇಳಿಕೊಂಡ ಕವಿ ಕೊಡುವ ಉತ್ತರ ನಂದನವನ. ಅದು ಇಂದ್ರನದೇ ಆಗಿರಲಿ, ತೋಟವೇ ತಾನೆ! ಬಿಡುಗಡೆಯ ತುತ್ತತುದಿಯಲ್ಲೂ ಬೇಂದ್ರೆಯವರಿಗೆ ಗಿಡ ಬೇಕಾಯಿತು. ಇನ್ನು ರಾಜಕೀಯ ಸ್ವಾತಂತ್ರ್ಯದ ಮಾತು. ‘ನರಬಲಿ’ ಕವಿತೆಗಾಗಿ ಅವರು 1932ರಲ್ಲಿ ಹಿಂಡಲಗಾ ಸೆರೆಮನೆ ಕಂಡವರು, ಆಮೇಲೆ ಮುಗದದಲ್ಲಿ ನಿರ್ಬಂಧದಲ್ಲಿದ್ದವರು. ಹಾಗೆಂದು ಅವರ ಪ್ರತಿಯೊಂದು ರೆಕ್ಕೆಯಲ್ಲೂ ದೇಶದ ಬಿಡುಗಡೆಯನ್ನು ಹುಡುಕಬೇಕಿಲ್ಲ. ಆಳುವವರ ಎದುರು ಹೇಳಬೇಕಾದ್ದನ್ನು ನೇರವಾಗಿ ಹೇಳಿ ಬೆಲೆ ತೆತ್ತ ಕವಿಗೆ ಚಿಟ್ಟೆಯ ಮರೆ ಬೇಕಿರಲಿಲ್ಲ. ಕವಿತೆಯಲ್ಲಿ ಸ್ವಾತಂತ್ರ್ಯಕ್ಕೆ ತೀರ ಹತ್ತಿರವಾದ ಗಳಿಗೆ ನನಗೆ ಕಾಣುವುದು ಬೇರೆ ಕಡೆ: ಆ ನಯವಾದ ಪಕ್ಕವನ್ನು ಮುಟ್ಟಲು ನೋಡುವವರಿಗೆ ಅಂಜಿಕೆಯಾಗುತ್ತದೆ. ಮುಟ್ಟಿದರೆ ರೆಕ್ಕೆಯ ಹುಡಿ ಕೈಗೆ ಹತ್ತುತ್ತದೆ; ಹುಡಿಯಂತೆ ಕಾಣುವುದು ರೆಕ್ಕೆಯನ್ನು ಹೊದ್ದ ಸಣ್ಣ ಸಣ್ಣ ಹುರುಪೆಗಳು, ಒಮ್ಮೆ ಉದುರಿದರೆ ಮತ್ತೆ ಬೆಳೆಯವು. ಚಿಟ್ಟೆಯ ಸ್ವಾತಂತ್ರ್ಯ ಗಿಡದ ಎಲೆಯನ್ನು ಎಷ್ಟು ನೆಚ್ಚಿದೆಯೋ, ನಮ್ಮ ಕೈಯ ಹಿಂಜರಿಕೆಯನ್ನೂ ಅಷ್ಟೇ ನೆಚ್ಚಿದೆ.

ಸಾವಿರಾರು ಚಿಟ್ಟೆಗಳು ವಲಸೆ ಹೋಗುತ್ತವಲ್ಲ, ಅದಾದರೂ ಹಂಗಿಲ್ಲದ ಹಾರಾಟವಲ್ಲವೇ? ಮುಂಗಾರಿಗೆ ಮುಂಚೆ, ಏಪ್ರಿಲ್–ಮೇ ಹೊತ್ತಿಗೆ, ಬ್ಲೂ ಟೈಗರ್, ಕ್ರೋ ಜಾತಿಯ ಚಿಟ್ಟೆಗಳು ಪಶ್ಚಿಮ ಘಟ್ಟದಿಂದ ಪೂರ್ವದ ಬಯಲಿನತ್ತ ಹೊರಡುತ್ತವೆ. ಅಕ್ಟೋಬರ್–ನವೆಂಬರಿನಲ್ಲಿ ಘಟ್ಟದ ಕಡೆ ಮರಳುವ ದಂಡುಗಳು ಕಾಣುತ್ತವೆ. ನಡುದಾರಿಯಲ್ಲಿರುವ ಬೆಂಗಳೂರಿನ ಮೇಲೂ ಅವು ಹಾದುಹೋಗುತ್ತವೆ. ಅವುಗಳಿಗೆ ದಿಕ್ಕು ತೋರುವುದು ಮಳೆ. ದಾರಿಯಲ್ಲಿ ಗಂಡುಗಳು ಗಿಜಿಗಿಜಿ ಕಾಯಿಯ ಗಿಡದಂಥವಕ್ಕೆ ಮುತ್ತಿ ರಸ ಹೀರುತ್ತವೆ. ಹೆಣ್ಣನ್ನು ಒಲಿಸುವ ಗಂಧ ತಯಾರಾಗುವುದು ಆ ರಸದಿಂದ. ನೂರಾರು ಕಿಲೋಮೀಟರ್ ಹಾರುವುದಕ್ಕೂ ಗಿಡದ ಅಪ್ಪಣೆ ಬೇಕು ಎಂದಾಯಿತು.

ಕಂಟೋನ್ಮೆಂಟಿನ ಮಕ್ಕಳಿಗೆ ಈ ಕವಿತೆ ಕಲಿಸುವಾಗ ಗಿಡದ ಈ ಹಂಗನ್ನು ಕಾಣಿಸುವುದು ಬಹಳ ಮುಖ್ಯ ಎಂದು ನಾನು ನಂಬುತ್ತೇನೆ. ಇಲ್ಲಿಯ ಹಳೆಯ ಬಂಗಲೆಗಳ ಹಿತ್ತಲಲ್ಲಿ ನಿಂಬೆ, ಕರಿಬೇವು ಇರುತ್ತಿದ್ದವು. ಬಂಗಲೆ ಕೆಡವಿ ಅಪಾರ್ಟ್‌ಮೆಂಟ್ ಎದ್ದಲ್ಲಿ ಹಿತ್ತಲೇ ಇಲ್ಲ. ಅಂದದ ಹೂಗಿಡ ನೆಟ್ಟರೆ ಬೆಳೆದ ಚಿಟ್ಟೆಗೆ ಮಕರಂದ ಸಿಕ್ಕೀತು, ಮರಿಹುಳುವಿಗೆ ಎಲೆ ಸಿಗದು. ಬಾಲ್ಕನಿಯ ಕುಂಡದಲ್ಲಿ ಒಂದು ಕರಿಬೇವಿದ್ದರೂ ಹುಳು ಬರುತ್ತದೆ. ಮೊದಮೊದಲು ಹಕ್ಕಿಯ ಹಿಕ್ಕೆಯಂತೆ ಕಂಡು, ಆಮೇಲೆ ಹಸಿರಾಗಿ ಎಲೆ ಮುಕ್ಕುವ ಆ ಹುಳುವನ್ನು ಕಂಬಳಿಹುಳುವೆಂದು ಹೆದರಿ ಕೊಂದುಬಿಡುವವರೇ ಹೆಚ್ಚು. ಅದಕ್ಕೆ ಚುಚ್ಚುವ ರೋಮವೇ ಇಲ್ಲ. ಶಿಕ್ಷಕರು ಅದನ್ನು ಕುಂಡದ ಸಮೇತ ತರಗತಿಗೆ ತಂದಿಟ್ಟು, ಬೇಂದ್ರೆಯವರು ಹೆಸರಿಸಿದ ಗಿಡಗಳಲ್ಲಿ ಯಾವುದು ರಿಚರ್ಡ್ಸ್ ಟೌನಿನ ಬೀದಿಗಳಲ್ಲಿ ಇನ್ನೂ ಬೆಳೆಯುತ್ತಿದೆ, ಯಾವುದು ಇಲ್ಲ ಎಂದು ಮಕ್ಕಳಿಂದಲೇ ಹುಡುಕಿಸಿ ಬರೆಸಲಿ. ‘ಸಂಕೇತ’ದ ಪ್ರಶ್ನೆಯನ್ನು ಅದಾದ ಮೇಲೆ ಕೇಳಲಿ.