ತಪ್ಪಿನ ಹಿಂದಿನ ತರ್ಕ: ಮೈನಾ ಶಾನೆಸಿ ಅವರ ಬರವಣಿಗೆ ಪಾಠ

ಉತ್ತರಪತ್ರಿಕೆ ಕೈಗೆ ಬಂದಾಗ ನಮ್ಮ ಕಣ್ಣು ಮೊದಲು ಹೋಗುವುದು ಅಂಕದ ಕಡೆಗೆ. ಆಮೇಲೆ ಕೆಂಪು ಶಾಯಿಯ ಗುರುತುಗಳ ಕಡೆಗೆ. ಒಂದು ಪುಟದಲ್ಲಿ ಹತ್ತು ಕೆಂಪು ಗೆರೆಗಳಿದ್ದರೆ ಬರೆದವನು ದಡ್ಡ, ಒಂದೂ ಇಲ್ಲದಿದ್ದರೆ ಜಾಣ ಎಂದು ನಾವು ಸುಲಭವಾಗಿ ತೀರ್ಮಾನಿಸಿಬಿಡುತ್ತೇವೆ. ಈ ತೀರ್ಮಾನ ಸರಿಯೇ? ತಪ್ಪು ಎಂಬುದು ಬುದ್ಧಿಯ ಕೊರತೆಯೋ, ಅಭ್ಯಾಸದ ಕೊರತೆಯೋ? ಈ ಪ್ರಶ್ನೆಯನ್ನು ಕೈಗೆತ್ತಿಕೊಂಡು ಸಾವಿರಾರು ಉತ್ತರಪತ್ರಿಕೆಗಳನ್ನು ತಾಳ್ಮೆಯಿಂದ ಓದಿದ ಅಮೆರಿಕದ ಒಬ್ಬ ಅಧ್ಯಾಪಕಿ ಮೈನಾ ಶಾನೆಸಿ. ಬರವಣಿಗೆಯನ್ನು ಕಲಿಸುವುದು ಕೂಡ ಗಂಭೀರ ಅಧ್ಯಯನಕ್ಕೆ ಯೋಗ್ಯವಾದ ವಿಷಯವೆಂದು ತೋರಿಸಿಕೊಟ್ಟವರಲ್ಲಿ ಅವರು ಪ್ರಮುಖರು.

ಗಣಿ ಊರಿನಿಂದ ಮಹಾನಗರಕ್ಕೆ

ಶಾನೆಸಿ ಹುಟ್ಟಿದ್ದು 1924ರಲ್ಲಿ, ದಕ್ಷಿಣ ಡಕೋಟ ರಾಜ್ಯದ ಲೀಡ್ ಎಂಬ ಊರಿನಲ್ಲಿ. ನಮ್ಮ ಕೋಲಾರದ ಕೆ.ಜಿ.ಎಫ್.ನಂತೆ ಅದೂ ಚಿನ್ನದ ಗಣಿಯನ್ನೇ ನಂಬಿ ಬೆಳೆದ ಊರು. ತಂದೆ ಗಣಿಯಲ್ಲಿ ದುಡಿಯುತ್ತಿದ್ದರು. ತಾಯಿ ಶಾಲೆಯಲ್ಲಿ ಪಾಠ ಹೇಳಿದವರು. ಮಗಳಿಗೆ ರಂಗಭೂಮಿಯಲ್ಲಿ ಆಸಕ್ತಿ. ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ಓದು ಮುಗಿಸಿ ನ್ಯೂಯಾರ್ಕಿಗೆ ಬಂದರು. ಮುಂದೆ ಕೊಲಂಬಿಯಾ ವಿಶ್ವವಿದ್ಯಾಲಯದಿಂದ ಇಂಗ್ಲಿಷ್ ಸಾಹಿತ್ಯದಲ್ಲಿ ಎಂ.ಎ. ಪಡೆದರು. ಕೆಲಕಾಲ ಪ್ರಕಾಶನದ ಕೆಲಸ, ಕೆಲಕಾಲ ಬೇರೆ ಬೇರೆ ಕಾಲೇಜುಗಳಲ್ಲಿ ಪಾಠ, ಹೀಗೆ ವರ್ಷಗಳು ಕಳೆದವು. ಅವರು ಪಿಎಚ್.ಡಿ. ಮಾಡಲೇ ಇಲ್ಲ. ಮುಂದೆ ಒಂದು ಅಧ್ಯಯನ ಕ್ಷೇತ್ರಕ್ಕೇ ದಾರಿ ತೋರಿಸಿದ ಈ ವಿದ್ವಾಂಸೆಯ ವಿಷಯದಲ್ಲಿ ಇದು ಗಮನಿಸಬೇಕಾದ ಸಂಗತಿ.

1967ರಲ್ಲಿ ಅವರು ನ್ಯೂಯಾರ್ಕಿನ ಸಿಟಿ ಕಾಲೇಜು ಸೇರಿದರು. ಆಗ ಅವರಿಗೆ 43 ವರ್ಷ. ಅವರ ಜೀವನದ ಮುಖ್ಯ ಕೆಲಸ ಶುರುವಾದದ್ದೇ ಆಗ.

ಬಾಗಿಲು ತೆರೆದ ಕಾಲೇಜು

ಸಿಟಿ ಕಾಲೇಜಿಗೆ ದೊಡ್ಡ ಇತಿಹಾಸವಿದೆ. 1847ರಲ್ಲಿ ಸ್ಥಾಪನೆಯಾದ ಈ ಸಂಸ್ಥೆ ನಗರದ ಬಡ ಕುಟುಂಬಗಳ ಮಕ್ಕಳಿಗೆ ಶುಲ್ಕವಿಲ್ಲದೆ ಉನ್ನತ ಶಿಕ್ಷಣ ಕೊಡುತ್ತ ಬಂದಿತ್ತು. ಆದರೆ ಶುಲ್ಕ ಇಲ್ಲದಿದ್ದರೂ ಪ್ರವೇಶ ಸುಲಭವಾಗಿರಲಿಲ್ಲ. ಪ್ರೌಢಶಾಲೆಯಲ್ಲಿ ಹೆಚ್ಚು ಅಂಕ ಬೇಕಾಗಿತ್ತು. ಕಾಲೇಜು ಇದ್ದದ್ದು ಕಪ್ಪು ಜನರು ಹೆಚ್ಚಾಗಿ ವಾಸಿಸುವ ಹಾರ್ಲೆಮ್ ಪ್ರದೇಶದಲ್ಲಿ. ಆದರೆ ತರಗತಿಗಳಲ್ಲಿ ಕುಳಿತವರಲ್ಲಿ ಬಹುಪಾಲು ಬಿಳಿಯರು. ಬೇಲಿಯ ಹೊರಗಿನ ಮಕ್ಕಳಿಗೆ ಒಳಗೆ ಜಾಗವಿರಲಿಲ್ಲ.

ಈ ಅಸಮಾನತೆಯನ್ನು ಸ್ವಲ್ಪ ಸರಿಪಡಿಸಲು 1960ರ ದಶಕದ ನಡುವೆ ‘ಸೀಕ್’ ಎಂಬ ಕಾರ್ಯಕ್ರಮ ಆರಂಭವಾಯಿತು. ಅಂಕ ಕಡಿಮೆ ಇದ್ದರೂ ಓದುವ ಹಂಬಲವಿರುವ ಬಡ ವಿದ್ಯಾರ್ಥಿಗಳನ್ನು ಸೇರಿಸಿಕೊಂಡು, ಅವರಿಗೆ ವಿಶೇಷ ಪಾಠ, ಧನಸಹಾಯ, ಮಾರ್ಗದರ್ಶನ ಕೊಡುವುದು ಅದರ ಉದ್ದೇಶ. ಶಾನೆಸಿ ಪಾಠ ಹೇಳಲು ಬಂದದ್ದು ಈ ಕಾರ್ಯಕ್ರಮಕ್ಕೇ. ಆಡ್ರಿಯೆನ್ ರಿಚ್, ಆಡ್ರೆ ಲಾರ್ಡ್, ಜೂನ್ ಜೋರ್ಡನ್ ಮೊದಲಾದ ಹೆಸರಾಂತ ಕವಿಗಳೂ ಅಲ್ಲಿ ಬರವಣಿಗೆ ಕಲಿಸಿದರು.

1969ರ ಏಪ್ರಿಲ್‌ನಲ್ಲಿ ಕಪ್ಪು ಮತ್ತು ಪೋರ್ಟೊರಿಕೊ ಮೂಲದ ವಿದ್ಯಾರ್ಥಿಗಳು ಕಾಲೇಜಿನ ಒಂದು ಆವರಣಕ್ಕೆ ಬೀಗ ಹಾಕಿ ಸುಮಾರು ಎರಡು ವಾರ ಮುಷ್ಕರ ನಡೆಸಿದರು. ಅದರ ಪರಿಣಾಮವಾಗಿ ನ್ಯೂಯಾರ್ಕ್ ನಗರ ವಿಶ್ವವಿದ್ಯಾಲಯ ಒಂದು ಮಹತ್ವದ ನಿರ್ಧಾರ ಕೈಗೊಂಡಿತು. 1970ರಿಂದ ನಗರದ ಯಾವುದೇ ಪ್ರೌಢಶಾಲೆಯಲ್ಲಿ ತೇರ್ಗಡೆಯಾದ ವಿದ್ಯಾರ್ಥಿಗೆ ವಿಶ್ವವಿದ್ಯಾಲಯದ ಯಾವುದಾದರೂ ಒಂದು ಕಾಲೇಜಿನಲ್ಲಿ ಸೀಟು ಖಚಿತ. ಆ ವರ್ಷ ಸುಮಾರು 35,000 ಹೊಸ ವಿದ್ಯಾರ್ಥಿಗಳು ವಿಶ್ವವಿದ್ಯಾಲಯಕ್ಕೆ ಬಂದರು.

ಬಂದವರಲ್ಲಿ ಅನೇಕರು ತಮ್ಮ ಮನೆತನದಲ್ಲೇ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದವರು. ಕೆಲವರ ಮನೆಮಾತು ಸ್ಪ್ಯಾನಿಷ್, ಕೆಲವರದು ಚೀನೀ, ಇನ್ನು ಕೆಲವರದು ಪುಸ್ತಕದ ಇಂಗ್ಲಿಷಿಗಿಂತ ಭಿನ್ನವಾದ ಆಡುನುಡಿ. ಅವರು ಬರೆದ ಪ್ರವೇಶ ಪ್ರಬಂಧಗಳನ್ನು ನೋಡಿ ಅಧ್ಯಾಪಕರು ದಂಗಾದರು. ಇವರನ್ನು ಕಾಲೇಜು ಮಟ್ಟಕ್ಕೆ ತರಲು ಸಾಧ್ಯವೇ ಇಲ್ಲ ಎಂಬ ಮಾತು ಕೇಳಿಬಂತು. ಮೊದಮೊದಲು ಶಾನೆಸಿಯವರಿಗೂ ಎಲ್ಲಿಂದ ಆರಂಭಿಸಬೇಕೆಂದು ತೋಚಲಿಲ್ಲ. ಹೇಗೆ ಕಲಿಸಬೇಕೆಂದು ಹೇಳುವ ಪುಸ್ತಕಗಳೂ ಇರಲಿಲ್ಲ. ಆದ್ದರಿಂದ ಅವರು ವಿದ್ಯಾರ್ಥಿಗಳ ಬರಹಗಳನ್ನೇ ಪಠ್ಯಪುಸ್ತಕ ಮಾಡಿಕೊಂಡರು.

ನಾಲ್ಕು ಸಾವಿರ ಪ್ರಬಂಧಗಳು

1970ರಿಂದ 1974ರವರೆಗೆ ಹೊಸ ವಿದ್ಯಾರ್ಥಿಗಳು ಬರೆದ ಸುಮಾರು 4,000 ಪ್ರಬಂಧಗಳನ್ನು ಶಾನೆಸಿ ಪರಿಶೀಲಿಸಿದರು. ತಪ್ಪುಗಳನ್ನು ಎಣಿಸಿ ಬಿಡಲಿಲ್ಲ, ಅವುಗಳನ್ನು ವಿಂಗಡಿಸಿದರು. ಕೈಬರಹ ಮತ್ತು ವಿರಾಮಚಿಹ್ನೆ, ವಾಕ್ಯರಚನೆ, ವ್ಯಾಕರಣದ ಸಾಮಾನ್ಯ ತಪ್ಪುಗಳು, ಪದಗಳ ಸ್ಪೆಲ್ಲಿಂಗ್, ಶಬ್ದಸಂಪತ್ತು, ವಾಕ್ಯವನ್ನು ದಾಟಿ ಇಡೀ ಪ್ರಬಂಧದ ಕಟ್ಟಡ, ಹೀಗೆ ಒಂದೊಂದನ್ನೂ ಬೇರೆ ಬೇರೆಯಾಗಿ ನೋಡಿದರು. ಪ್ರತಿ ತಪ್ಪಿನ ಮುಂದೆಯೂ ಒಂದೇ ಪ್ರಶ್ನೆ ಕೇಳಿದರು: ಈ ವಿದ್ಯಾರ್ಥಿ ಹೀಗೇಕೆ ಬರೆದ?

ಹಾಗೆ ಕೇಳಿದಾಗ ಗಜಿಬಿಜಿಯಂತೆ ಕಂಡದ್ದರಲ್ಲಿ ಒಂದು ಕ್ರಮ ಕಾಣಿಸತೊಡಗಿತು. ಒಬ್ಬ ವಿದ್ಯಾರ್ಥಿಯ ನೂರು ತಪ್ಪುಗಳು ನೂರು ಬಗೆಯವಲ್ಲ. ಕೆಲವೇ ಕಾರಣಗಳಿಂದ ಹುಟ್ಟಿ ಮರುಕಳಿಸಿದವು. ಅಷ್ಟೇ ಅಲ್ಲ, ಅನೇಕ ತಪ್ಪುಗಳ ಹಿಂದೆ ವಿದ್ಯಾರ್ಥಿ ತಾನೇ ಊಹಿಸಿಕೊಂಡ ಒಂದು ನಿಯಮವಿತ್ತು. ಎರಡನೆಯ ಭಾಷೆ ಕಲಿಯುವವರ ತಪ್ಪುಗಳ ಬಗ್ಗೆ ಎಡಿನ್‌ಬರೊದ ಭಾಷಾವಿಜ್ಞಾನಿ ಪಿಟ್ ಕಾರ್ಡರ್ 1967ರಲ್ಲಿ ಇಂಥದೇ ವಿಚಾರವನ್ನು ಮಂಡಿಸಿದ್ದರು. ಶಾನೆಸಿ ಆ ದೃಷ್ಟಿಯನ್ನು ಕಾಲೇಜಿನ ಬರವಣಿಗೆಗೆ ತಂದರು.

ಕನ್ನಡದ ಉದಾಹರಣೆಗಳಿಂದ ನೋಡೋಣ

ಈ ವಿಚಾರ ನಮಗೆ ಕನ್ನಡದಲ್ಲೇ ಚೆನ್ನಾಗಿ ತಿಳಿಯುತ್ತದೆ. ಮಾಡು–ಮಾಡಿದ, ಓಡು–ಓಡಿದ, ಹಾಡು–ಹಾಡಿದ ಎಂದು ಕೇಳಿ ಬೆಳೆದ ಪುಟ್ಟ ಮಗು ‘ಕೊಟ್ಟ’ ಎನ್ನುವ ಬದಲು ‘ಕೊಡಿದ’ ಎಂದೀತು. ನಾವು ನಗುತ್ತೇವೆ. ಆದರೆ ‘ಕೊಡಿದ’ ಎಂಬ ಮಾತನ್ನು ಆ ಮಗುವಿಗೆ ಯಾರೂ ಹೇಳಿಕೊಟ್ಟಿಲ್ಲ. ಕೇಳಿದ ಮಾತುಗಳಿಂದ ಅದು ತಾನೇ ನಿಯಮವೊಂದನ್ನು ಕಂಡುಕೊಂಡು, ಆ ನಿಯಮ ಸಲ್ಲದ ಕಡೆಗೂ ಅದನ್ನು ಅನ್ವಯಿಸಿದೆ. ತಪ್ಪು ಹೌದು, ಆದರೆ ಅದು ಯೋಚಿಸುವ ಮನಸ್ಸಿನ ತಪ್ಪು.

ಇನ್ನೊಂದು ಉದಾಹರಣೆ. ನಮ್ಮ ಕೆಲವು ಕಡೆಯ ಆಡುಮಾತಿನಲ್ಲಿ ಪದದ ಮೊದಲಿನ ಹಕಾರ ಉಚ್ಚಾರವಾಗುವುದಿಲ್ಲ. ಹಾಲು ‘ಆಲು’ ಆಗುತ್ತದೆ. ಹಕ್ಕಿ ‘ಅಕ್ಕಿ’ ಆಗುತ್ತದೆ. ಹಾಗೆ ಮಾತಾಡುವ ಮನೆಯ ವಿದ್ಯಾರ್ಥಿ ಶಾಲೆಯಲ್ಲಿ ‘ಆಲು ಅಲ್ಲ, ಹಾಲು’ ಎಂದು ಮತ್ತೆ ಮತ್ತೆ ತಿದ್ದಿಸಿಕೊಳ್ಳುತ್ತಾನೆ. ಒಂದು ದಿನ ಪ್ರಬಂಧದಲ್ಲಿ ‘ಅನುಭವ’ ಎಂಬ ಪದ ಬರೆಯಬೇಕಾಗುತ್ತದೆ. ಹಕಾರ ಬಿಟ್ಟರೆ ತಪ್ಪಾದೀತೆಂಬ ಎಚ್ಚರದಲ್ಲಿ ‘ಹನುಭವ’ ಎಂದು ಬರೆಯುತ್ತಾನೆ. ಇದು ಅಜಾಗರೂಕತೆಯಿಂದ ಆದ ತಪ್ಪಲ್ಲ. ಜಾಗರೂಕತೆ ಹೆಚ್ಚಾಗಿ ಆದ ತಪ್ಪು. ಇಂಥ ಅತಿತಿದ್ದುಗೆಯನ್ನು ಶಾನೆಸಿ ನ್ಯೂಯಾರ್ಕಿನ ವಿದ್ಯಾರ್ಥಿಗಳ ಇಂಗ್ಲಿಷಿನಲ್ಲೂ ಕಂಡರು. ಮನೆಮಾತಿನಲ್ಲಿ ಇಲ್ಲದ ಕ್ರಿಯಾಪದದ ಪ್ರತ್ಯಯಗಳನ್ನು ಅವರು ಬೇಕಾದ ಕಡೆ ಬಿಟ್ಟು, ಬೇಡದ ಕಡೆ ಸೇರಿಸುತ್ತಿದ್ದರು. ಅಲ್ಲಿ ಸುಮ್ಮನೆ ಕೆಂಪು ಗೆರೆ ಎಳೆದರೆ ವಿದ್ಯಾರ್ಥಿಗೆ ಗೊಂದಲ ಇನ್ನೂ ಹೆಚ್ಚುತ್ತದೆ. ನಿಯಮ ಎಲ್ಲಿಯವರೆಗೆ ಸಲ್ಲುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ತೋರಿಸಿದರೆ ಮಾತ್ರ ಪ್ರಯೋಜನ.

ಅಭ್ಯಾಸದ ಲೆಕ್ಕ

ಶಾನೆಸಿ ಕೊಟ್ಟ ಒಂದು ಅಂದಾಜು ನೆನಪಿಡಬೇಕಾದದ್ದು. ಬ್ರಿಟನ್ನಿನ ವಿದ್ಯಾರ್ಥಿ ಪ್ರೌಢಶಾಲೆಯ ಹಂತದಲ್ಲಿ ವಾರಕ್ಕೆ ಸುಮಾರು 1,000 ಪದ ಬರೆಯುತ್ತಾನೆ. ಅನುಕೂಲವಂತರ ಶಾಲೆಯ ಅಮೆರಿಕನ್ ವಿದ್ಯಾರ್ಥಿ ವಾರಕ್ಕೆ ಸುಮಾರು 350 ಪದ ಬರೆಯುತ್ತಾನೆ. ತಮ್ಮ ತರಗತಿಯ ವಿದ್ಯಾರ್ಥಿಗಳು ಇಡೀ ಅರ್ಧವರ್ಷಕ್ಕೆ 350 ಪದ ಬರೆದಿದ್ದರೆ ಹೆಚ್ಚು ಎಂಬುದು ಅವರ ಲೆಕ್ಕ. ಹಾಗಾದರೆ ಈ ವಿದ್ಯಾರ್ಥಿಗಳು ದಡ್ಡರಲ್ಲ. ಬರವಣಿಗೆಯಲ್ಲಿ ಇನ್ನೂ ಹೊಸಬರು. ಈಜು ಬಾರದವನು ನೀರಿಗಿಳಿಯದೆ ಹೇಗೆ ಕಲಿತಾನು? ಇದೇ ಕಾರಣಕ್ಕೆ, ಕಾಯಿಲೆಗೆ ಚಿಕಿತ್ಸೆ ಎಂಬ ಧ್ವನಿ ಬರುವ ಹಳೆಯ ಹೆಸರುಗಳನ್ನು ಬಿಟ್ಟು, ಅವರು ತಮ್ಮ ಪಾಠಕ್ರಮವನ್ನು ‘ಬೇಸಿಕ್ ರೈಟಿಂಗ್’, ಅಂದರೆ ಮೂಲ ಬರವಣಿಗೆ, ಎಂದು ಕರೆದರು.

ಹಾಗೆಂದು ತಪ್ಪಾದರೂ ಪರವಾಗಿಲ್ಲ ಎಂದು ಅವರು ಹೇಳಲಿಲ್ಲ. ಓದುಗನ ಗಮನಕ್ಕೂ ಒಂದು ಮಿತಿ ಇದೆ. ಪ್ರತಿ ತಪ್ಪೂ ಅವನನ್ನು ಅರ್ಥದಿಂದ ಆಚೆಗೆ ಎಳೆಯುತ್ತದೆ, ಆದರೆ ಅದಕ್ಕೆ ಪ್ರತಿಫಲವಾಗಿ ಏನನ್ನೂ ಕೊಡುವುದಿಲ್ಲ. ತಪ್ಪುಗಳು ಹೆಚ್ಚಾದಷ್ಟೂ ಬರೆದವನ ವಿಚಾರ ಕೇಳುವವರಿಲ್ಲದೆ ಹೋಗುತ್ತದೆ. ಆದ್ದರಿಂದ ತಿದ್ದಲೇಬೇಕು, ಕಾರಣ ತಿಳಿದು ತಿದ್ದಬೇಕು ಎಂಬುದು ಅವರ ನಿಲುವು.

ಕಲಿಯಬೇಕಾದವರು ಯಾರು?

1975ರ ಡಿಸೆಂಬರಿನಲ್ಲಿ ಅಧ್ಯಾಪಕರ ಸಭೆಯೊಂದರಲ್ಲಿ ಶಾನೆಸಿ ಮಾಡಿದ ಭಾಷಣ ಪ್ರಸಿದ್ಧವಾಯಿತು. ವಿದ್ಯಾರ್ಥಿಗಳು ಮುಂದುವರಿಯುವ ಹಂತಗಳನ್ನು ಎಲ್ಲರೂ ಪಟ್ಟಿ ಮಾಡುತ್ತಾರೆ. ಅವರು ಅಧ್ಯಾಪಕರು ದಾಟಬೇಕಾದ ನಾಲ್ಕು ಹಂತಗಳನ್ನು ಹೇಳಿದರು. ಮೊದಲ ಹಂತದಲ್ಲಿ ಅಧ್ಯಾಪಕ ವಿದ್ಯೆಯ ಕೋಟೆಯನ್ನು ಹೊಸಬರಿಂದ ಕಾಪಾಡಲು ನಿಲ್ಲುತ್ತಾನೆ. ಎರಡನೆಯದರಲ್ಲಿ ಬಂದವರನ್ನು ತನ್ನಂತೆ ಮಾಡಲು ನಿಯಮಗಳನ್ನು ಯಾಂತ್ರಿಕವಾಗಿ ತುಂಬುತ್ತಾನೆ. ಮೂರನೆಯದರಲ್ಲಿ ಅವರು ಏಕೆ ಕಲಿಯುತ್ತಿಲ್ಲ ಎಂದು ಕೇಳಿಕೊಂಡು ಅವರ ಬರಹವನ್ನೂ ತನ್ನ ಪಾಠವನ್ನೂ ಪರೀಕ್ಷಿಸುತ್ತಾನೆ. ನಾಲ್ಕನೆಯದರಲ್ಲಿ ತಾನೇ ವಿದ್ಯಾರ್ಥಿಯಾಗಿ, ಕಲಿಸುವ ವಿದ್ಯೆಯೊಳಕ್ಕೆ ಧುಮುಕುತ್ತಾನೆ. ಇದೇ ವರ್ಷ ಅವರ ಸಂಪಾದಕತ್ವದಲ್ಲಿ ‘ಜರ್ನಲ್ ಆಫ್ ಬೇಸಿಕ್ ರೈಟಿಂಗ್’ ಎಂಬ ಪತ್ರಿಕೆಯೂ ಹೊರಬಂತು.

ಆದರೆ ಕಾಲ ಪ್ರತಿಕೂಲವಾಗಿತ್ತು. ನ್ಯೂಯಾರ್ಕ್ ನಗರ ದಿವಾಳಿಯ ಅಂಚಿಗೆ ಬಂದಿತ್ತು. 1976ರಲ್ಲಿ ವಿಶ್ವವಿದ್ಯಾಲಯ ಶುಲ್ಕ ವಿಧಿಸಿತು. 129 ವರ್ಷಗಳ ಉಚಿತ ಶಿಕ್ಷಣ ಕೊನೆಗೊಂಡಿತು. ಅನೇಕ ಅಧ್ಯಾಪಕರು ಕೆಲಸ ಕಳೆದುಕೊಂಡರು. ಇಂಥ ಹೊತ್ತಿನಲ್ಲಿ, 1977ರಲ್ಲಿ, ಶಾನೆಸಿಯವರ ‘ಎರರ್ಸ್ ಅಂಡ್ ಎಕ್ಸ್‌ಪೆಕ್ಟೇಷನ್ಸ್’ ಗ್ರಂಥ ಪ್ರಕಟವಾಯಿತು. ತಪ್ಪುಗಳು ಮತ್ತು ನಿರೀಕ್ಷೆಗಳು ಎಂಬುದು ಆ ಹೆಸರಿನ ಅರ್ಥ. ಪುಸ್ತಕಕ್ಕೆ ಒಳ್ಳೆಯ ಸ್ವಾಗತ ಸಿಕ್ಕಿತು. ಮರುವರ್ಷ, 1978ರ ನವೆಂಬರಿನಲ್ಲಿ, ಕ್ಯಾನ್ಸರಿನಿಂದ ಅವರು ತೀರಿಕೊಂಡರು. ಆಗ ಅವರಿಗೆ 54 ವರ್ಷ. ಅವರು ಬರೆದ ಗ್ರಂಥ ಅದೊಂದೇ.

ಮುಂದುವರಿದ ಚರ್ಚೆ

ಶಾನೆಸಿ ಎತ್ತಿದ ಪ್ರಶ್ನೆಯನ್ನು ಬೇರೆಯವರು ಮುಂದುವರಿಸಿದರು. ಸಾಂಡ್ರಾ ಪರ್ಲ್ ಐದು ವಿದ್ಯಾರ್ಥಿಗಳನ್ನು ಕೂರಿಸಿ, ಬರೆಯುವಾಗ ಮನಸ್ಸಿನಲ್ಲಿ ಬಂದದ್ದನ್ನೆಲ್ಲ ಗಟ್ಟಿಯಾಗಿ ಹೇಳಿಸಿ ಧ್ವನಿಮುದ್ರಿಸಿದರು. 1979ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ, ತಪ್ಪಾದೀತೆಂಬ ಅಂಜಿಕೆಯಿಂದ ಈ ವಿದ್ಯಾರ್ಥಿಗಳು ವಾಕ್ಯ ಮುಗಿಯುವ ಮೊದಲೇ ತಿದ್ದಲು ತೊಡಗುತ್ತಿದ್ದರು. ಅದರಿಂದ ವಿಚಾರದ ಎಳೆಯೇ ಕಡಿದುಹೋಗುತ್ತಿತ್ತು. ಡೇವಿಡ್ ಬಾರ್ಥಲೊಮೆ 1980ರಲ್ಲಿ ಬರೆದ ಲೇಖನದಲ್ಲಿ ಇನ್ನೊಂದು ಸ್ವಾರಸ್ಯವನ್ನು ತೋರಿಸಿದರು. ತನ್ನ ಪ್ರಬಂಧವನ್ನು ಗಟ್ಟಿಯಾಗಿ ಓದುವ ವಿದ್ಯಾರ್ಥಿ ಹಾಳೆಯ ಮೇಲಿನ ಅನೇಕ ತಪ್ಪುಗಳನ್ನು ತನಗೇ ಅರಿವಿಲ್ಲದೆ ಸರಿಯಾಗಿ ಓದಿಬಿಡುತ್ತಾನೆ. ಭಾಷೆ ಅವನಿಗೆ ಗೊತ್ತಿದೆ; ಕಣ್ಣಿಗೂ ಕೈಗೂ ಇನ್ನೂ ಹೊಂದಾಣಿಕೆ ಆಗಿಲ್ಲ.

ಶಾನೆಸಿಯವರನ್ನು ಟೀಕಿಸಿದವರೂ ಇದ್ದಾರೆ. ಚೀನಾದಲ್ಲಿ ಬೆಳೆದು ಅಮೆರಿಕದಲ್ಲಿ ಅಧ್ಯಾಪಕಿಯಾದ ಮಿನ್-ಝಾನ್ ಲು 1991ರಲ್ಲಿ ಗಂಭೀರವಾದ ಆಕ್ಷೇಪವೆತ್ತಿದರು. ಕಾಲೇಜಿನ ಭಾಷೆಯನ್ನು ಕಲಿತರೂ ವಿದ್ಯಾರ್ಥಿ ಮೊದಲಿದ್ದ ಹಾಗೆಯೇ ಉಳಿಯುತ್ತಾನೆ ಎಂದು ಶಾನೆಸಿ ಭಾವಿಸಿದ್ದರೆಂಬುದು ಆ ಆಕ್ಷೇಪ. ಹೊಸ ಭಾಷಾಶೈಲಿಯ ಜೊತೆಗೆ ಹೊಸ ದೃಷ್ಟಿಕೋನವೂ ಬರುತ್ತದೆ. ಮನೆಯ ಮಾತಿಗೂ ಕಾಲೇಜಿನ ಮಾತಿಗೂ ನಡುವೆ ಆಗುವ ಮನಸ್ಸಿನ ತಿಕ್ಕಾಟವನ್ನು ಕಡೆಗಣಿಸಬಾರದು ಎಂದು ಲು ವಾದಿಸಿದರು. ಹಳ್ಳಿಯಿಂದ ನಗರದ ಕಾಲೇಜಿಗೆ ಬಂದ ನಮ್ಮ ವಿದ್ಯಾರ್ಥಿಗಳಿಗೂ ಈ ತಿಕ್ಕಾಟ ಅಪರಿಚಿತವೇನಲ್ಲ.

1980ರಲ್ಲಿ ಅಮೆರಿಕದ ಮಾಡರ್ನ್ ಲಾಂಗ್ವೇಜ್ ಅಸೋಸಿಯೇಷನ್ ಶಾನೆಸಿಯವರ ಹೆಸರಿನಲ್ಲಿ ಪ್ರಶಸ್ತಿಯೊಂದನ್ನು ಸ್ಥಾಪಿಸಿತು. ಇನ್ನೊಂದು ಕಡೆ, 1999ರಲ್ಲಿ ಅದೇ ನಗರ ವಿಶ್ವವಿದ್ಯಾಲಯ ತನ್ನ ನಾಲ್ಕು ವರ್ಷದ ಪದವಿ ಕಾಲೇಜುಗಳಿಂದ ಇಂಥ ಪೂರಕ ಪಾಠಗಳನ್ನು ತೆಗೆದುಹಾಕಲು ನಿರ್ಧರಿಸಿತು. ಹೆಸರಿಗೆ ಗೌರವ ಉಳಿಯಿತು; ಅವರು ಕಟ್ಟಿದ ತರಗತಿ ಉಳಿಯಲಿಲ್ಲ. ಯಾರಿಗೆ ಕಾಲೇಜಿನ ಬಾಗಿಲು ತೆರೆಯಬೇಕು, ತೆರೆದ ಮೇಲೆ ಅವರ ಕೈ ಹಿಡಿಯುವವರು ಯಾರು ಎಂಬ ಪ್ರಶ್ನೆ ಎಲ್ಲ ದೇಶಗಳಲ್ಲೂ ಇದೆ.

ವಿದ್ಯಾರ್ಥಿಗಳು ಮಾಡಬಹುದಾದದ್ದು

ಶಾನೆಸಿಯವರ ವಿಧಾನವನ್ನು ನೀವು ನಿಮ್ಮ ಮೇಲೆಯೇ ಪ್ರಯೋಗಿಸಬಹುದು. ತಿದ್ದಿ ಬಂದ ನಿಮ್ಮ ಮೂರು ನಾಲ್ಕು ಪ್ರಬಂಧಗಳನ್ನು ಮುಂದಿಟ್ಟುಕೊಳ್ಳಿ. ಕೆಂಪು ಗುರುತು ಬಿದ್ದ ತಪ್ಪುಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಗುಂಪು ಗುಂಪಾಗಿ ಬರೆಯಿರಿ: ಒತ್ತಕ್ಷರದ ತಪ್ಪುಗಳು, ಅಲ್ಪಪ್ರಾಣ ಮಹಾಪ್ರಾಣದ ತಪ್ಪುಗಳು, ಮುಗಿಯದೆ ಉಳಿದ ವಾಕ್ಯಗಳು, ಇತ್ಯಾದಿ. ಪ್ರತಿ ಗುಂಪಿನ ಎದುರಿಗೂ ‘ನಾನು ಹೀಗೇಕೆ ಬರೆದೆ?’ ಎಂಬುದಕ್ಕೆ ಉತ್ತರ ಬರೆಯಿರಿ. ಮೊದಲ ಕರಡನ್ನು ತಿದ್ದುವ ಗೋಜಿಗೆ ಹೋಗದೆ ಬರೆದು ಮುಗಿಸಿ. ಆಮೇಲೆ ಬೆರಳಿಟ್ಟು ಒಂದೊಂದೇ ಪದವನ್ನು ಗಟ್ಟಿಯಾಗಿ ಓದಿ. ವಾರಕ್ಕೊಂದು ಪುಟವನ್ನಾದರೂ ಪರೀಕ್ಷೆಯ ಹಂಗಿಲ್ಲದೆ ಬರೆಯಿರಿ.

ಮುಂದೆ ನಿಮ್ಮಲ್ಲಿ ಕೆಲವರು ಉಪಾಧ್ಯಾಯರಾಗುತ್ತೀರಿ. ಕೆಂಪು ಪೆನ್ನು ನಿಮ್ಮ ಕೈಗೂ ಬರುತ್ತದೆ. ಅಂದು ‘ಹನುಭವ’ ಎಂಬ ಪದ ಕಂಡರೆ ಗೆರೆ ಎಳೆಯುವ ಮೊದಲು ಅದನ್ನು ಬರೆದ ಹುಡುಗ ಏನನ್ನು ಯೋಚಿಸಿದ್ದ ಎಂದು ಒಂದು ಕ್ಷಣ ಕೇಳಿಕೊಳ್ಳಿ. ನಿಮ್ಮ ಪಾಠ ಅಲ್ಲಿಂದಲೇ ಪ್ರಾರಂಭವಾಗಬಹುದು.