ಒಮ್ಮೆ ಅರೆದಿಟ್ಟರೆ ಸಾಕು

ಪುತ್ತೂರಿನ ಕೆಮ್ಮಿಂಜೆಯಲ್ಲಿ ಕ್ಯಾಂಪ್ಕೋ ಚಾಕಲೇಟ್ ಕಾರ್ಖಾನೆ ಶುರುವಾದದ್ದು 1986ರಲ್ಲಿ. ಸುಳ್ಯ, ಕಡಬದ ಅಡಿಕೆ ತೋಟಗಳ ನೆರಳಿನಲ್ಲಿ ಬೆಳೆದ ಕೊಕ್ಕೊಗೆ ಅದು ದೊಡ್ಡ ಆಸರೆ. ಒಣಗಿದ ಬೀಜ ಹುರಿದು, ಸಿಪ್ಪೆ ತೆಗೆದು, ನುಣ್ಣಗೆ ಅರೆದರೆ ಕಂದು ಬಣ್ಣದ ಮಂದ ಪಾಕ. ಚಾಕಲೇಟಾಗಲಿ, ಹಾಲಿಗೆ ಬೆರೆಸುವ ಪುಡಿಯಾಗಲಿ, ಎಲ್ಲಕ್ಕೂ ಮೂಲ ಅದೇ. ಒಂದೊಂದು ಚಾಕಲೇಟಿಗೂ ಬೀಜ ಹುರಿಯುವುದರಿಂದಲೇ ಆರಂಭಿಸುವುದಾದರೆ ಕೆಲಸ ಸಾಗುವುದುಂಟೆ?

ಸಿ++ ಕಂಪೈಲರ್ ದಶಕಗಳಿಂದ ಹಾಗೆಯೇ ದುಡಿಯುತ್ತಿದೆ. ತೆರೆಯ ಮೇಲೆ ‘ನಮಸ್ಕಾರ’ ಮೂಡಿಸುವ ಐದು ಸಾಲಿನ ಪ್ರೋಗ್ರಾಂ ಬರೆಯಿರಿ. ಮೊದಲ ಸಾಲಿನಲ್ಲಿ ಐಓಸ್ಟ್ರೀಮ್ ಎಂಬ ಹೆಡರ್ ಸೇರಿಸುತ್ತೀರಿ. ಕಂಪೈಲರ್ ಆ ಜಾಗಕ್ಕೆ ಹತ್ತಾರು ಸಾವಿರ ಸಾಲು ತಂದು ಸುರಿದು, ಅಷ್ಟನ್ನೂ ಓದಿದ ಮೇಲೆ ನಿಮ್ಮ ಉಳಿದ ನಾಲ್ಕು ಸಾಲಿಗೆ ಬರುತ್ತದೆ. ನೂರು ಫೈಲುಗಳಿದ್ದರೆ ನೂರು ಸಲ ಅದೇ ಓದು. ಹಳೆಯ ಲ್ಯಾಪ್‌ಟಾಪಿನಲ್ಲಿ ಪ್ರಾಜೆಕ್ಟ್ ಮಾಡುವ ಹುಡುಗ ಹುಡುಗಿಯರ ಸಮಯ ಸೋರಿಹೋಗುವುದು ಇಲ್ಲಿಯೇ.

ಒಮ್ಮೆ ಓದಿ ಅರಗಿಸಿಕೊಂಡದ್ದನ್ನು ಡಿಸ್ಕಿನಲ್ಲಿ ಉಳಿಸಿಟ್ಟರೆ ಅದೇ ಪ್ರಿಕಂಪೈಲ್ಡ್ ಹೆಡರ್. ಜಿಸಿಸಿ ಕಂಪೈಲರಿಗೆ ಈ ಶಕ್ತಿ ಬಂದದ್ದು 2004ರಲ್ಲಿ, 3.4ನೇ ಆವೃತ್ತಿಯಲ್ಲಿ. ಆದರೆ ಕೈಯಾರೆ ನಿಭಾಯಿಸುವುದು ಸುಲಭವಲ್ಲ. ಕಂಪೈಲರಿಗೆ ಕೊಡುವ ಸೂಚನೆಗಳಲ್ಲಿ ಮುಖ್ಯವಾದದ್ದೊಂದು ಹೊಂದದಿದ್ದರೆ ಜಿಸಿಸಿ ಉಳಿಸಿಟ್ಟದ್ದನ್ನು ಸದ್ದಿಲ್ಲದೆ ಬದಿಗಿಟ್ಟು ಹಳೆಯ ದಾರಿ ಹಿಡಿಯುತ್ತದೆ. ಇನ್ನೊಂದು ಅಪಾಯ ಇದಕ್ಕಿಂತ ಕೆಟ್ಟದ್ದು: ಹೆಡರನ್ನು ತಿದ್ದಿ, ಹೊಸದಾಗಿ ಅರೆದಿಡಲು ಮರೆತರೆ ಹಳಸಿದ್ದೇ ಬಳಕೆಯಾಗುತ್ತದೆ. ತಪ್ಪು ಎಲ್ಲಿದೆಯೆಂದು ತಿಳಿಯದೆ ರಾತ್ರಿಯಿಡೀ ಹುಡುಕಬೇಕಾದೀತು.

ಈ ಕಾವಲು ಬಿಲ್ಡ್ ವ್ಯವಸ್ಥೆಯದ್ದಾಗಬೇಕು. ಯಾವುದು ಮೊದಲು ತಯಾರಾಗಬೇಕು, ಯಾವುದು ಯಾವುದನ್ನು ನೆಚ್ಚಿದೆ, ಏನು ಬದಲಾದರೆ ಏನನ್ನು ಮತ್ತೆ ಮಾಡಬೇಕು ಎಂಬ ಲೆಕ್ಕ ಇಡುವುದೇ ಅದರ ಕೆಲಸವಲ್ಲವೆ? ಸಿಮೇಕ್ ಎಂಬ ಬಿಲ್ಡ್ ಸಾಧನ 2019ರ 3.16ನೇ ಆವೃತ್ತಿಯಲ್ಲಿ ಇದಕ್ಕೆಂದೇ ಒಂದು ಆದೇಶ ಕೊಟ್ಟಿತು. ಹೆಡರುಗಳ ಹೆಸರು ಬರೆದರೆ ಸಾಕು; ಅದು ಮೊದಲು ಅವನ್ನು ಸಿದ್ಧಪಡಿಸುತ್ತದೆ, ಸೂಚನೆಗಳನ್ನು ಹೊಂದಿಸುತ್ತದೆ, ಹೆಡರ್ ಬದಲಾದಾಗ ಹೊಸದಾಗಿ ಕಟ್ಟುತ್ತದೆ. ನನ್ನ ಮಟ್ಟಿಗೆ ಇದು ತುಂಬ ತಡವಾಗಿ ಬಂದ ಉಪಕಾರ.

ಸುಳ್ಯದ ಕೆವಿಜಿಯಲ್ಲೋ ಪುತ್ತೂರಿನ ವಿವೇಕಾನಂದದಲ್ಲೋ ಇಂಜಿನಿಯರಿಂಗ್ ಓದುವ ಗೆಳೆಯರಲ್ಲಿ ಒಂದು ಮಾತು. ದಿನಾ ತಿದ್ದುವ ನಿಮ್ಮದೇ ಹೆಡರನ್ನು ಈ ಪಟ್ಟಿಗೆ ಸೇರಿಸಬೇಡಿ. ಅದನ್ನು ಮುಟ್ಟಿದಾಗಲೆಲ್ಲ ಎಲ್ಲ ಫೈಲುಗಳೂ ಮತ್ತೆ ಕಂಪೈಲ್ ಆಗಬೇಕಾಗುತ್ತದೆ. ಬದಲಾಗದ ಸ್ಟ್ಯಾಂಡರ್ಡ್ ಲೈಬ್ರರಿಯ ಹೆಡರುಗಳನ್ನಷ್ಟೇ ಸೇರಿಸಿ, ಮೊದಲು ಎಷ್ಟು ಹೊತ್ತು ಹಿಡಿಯುತ್ತಿತ್ತು, ಈಗೆಷ್ಟು ಎಂದು ಗಡಿಯಾರ ಇಟ್ಟು ನೋಡಿ.