ಫ್ರಿಜ್ಜಿನ ಬೆನ್ನು

ಅಂಗಡಿಯಲ್ಲಿ ಫ್ರಿಜ್ ಆರಿಸುವಾಗ ಎಲ್ಲರೂ ನೋಡುವುದು ಅದರ ಮುಂಭಾಗವನ್ನೇ. ಬಾಗಿಲ ಮೇಲಿನ ಹೂವಿನ ಚಿತ್ತಾರ, ಒಳಗಿನ ಗಾಜಿನ ತಟ್ಟೆ, ತರಕಾರಿ ಡಬ್ಬಿಯ ಅಗಲ, ಎಷ್ಟು ಲೀಟರು, ಎಷ್ಟು ಸ್ಟಾರು. ಹಿಂದೆ ಹೋಗಿ ಬಗ್ಗಿ ನೋಡುವವರು ಅಪರೂಪ. ಆದರೆ ಈ ಯಂತ್ರದ ದುಡಿಮೆಯೆಲ್ಲ ನಡೆಯುವುದು ಅಲ್ಲಿ. ಅದು ಕೆಡುವುದು, ಬೇಕಿಲ್ಲದೆ ಕರೆಂಟು ತಿನ್ನುವುದು, ಅಪರೂಪಕ್ಕೊಮ್ಮೆ ಅಪಾಯ ತಂದೊಡ್ಡುವುದು ಕೂಡ ಬಹುಮಟ್ಟಿಗೆ ಬೆನ್ನ ಕಡೆಯಿಂದಲೇ.

ಇಂಜೆಕ್ಷನ್ ಕೊಡುವ ಮೊದಲು ನರ್ಸ್ ತೋಳಿಗೆ ಸ್ಪಿರಿಟ್ ಒರೆಸಿದಾಗ ಚಳಿ ಮುಟ್ಟಿದಂತಾಗುತ್ತದಲ್ಲ, ಫ್ರಿಜ್ಜಿನ ಮರ್ಮ ಅಷ್ಟೇ. ದ್ರವ ಆವಿಯಾಗಲು ಶಾಖ ಬೇಕು. ಸ್ಪಿರಿಟ್ ಅದನ್ನು ಚರ್ಮದಿಂದ ಎಳೆದುಕೊಳ್ಳುತ್ತದೆ. ಇಂದಿನ ಮನೆಬಳಕೆಯ ಫ್ರಿಜ್‌ಗಳಲ್ಲಿ ಹೆಚ್ಚಾಗಿ ಇರುವುದು ಐಸೊಬ್ಯೂಟೇನ್ ಎಂಬ ಅನಿಲ. ಸಾಮಾನ್ಯ ಒತ್ತಡದಲ್ಲಿ ಅದು ಮೈನಸ್ 12 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಕಂಪ್ರೆಸರ್ ಹೀರಿ ಒತ್ತಡ ಇಳಿಸಿದರೆ ಇನ್ನೂ ಕಡಿಮೆ ಉಷ್ಣತೆಯಲ್ಲಿ ಕುದಿದು, ಒಳಗಿರುವ ಹಾಲು, ತರಕಾರಿ, ಹಿಟ್ಟಿನ ಶಾಖವನ್ನೆಲ್ಲ ಹೀರಿಕೊಳ್ಳುತ್ತದೆ. ಆ ಆವಿಯನ್ನು ಕಂಪ್ರೆಸರ್ ಒತ್ತಿ ಬಿಸಿ ಮಾಡಿ ಹೊರಗಿನ ಕೊಳವೆಗಳಿಗೆ ತಳ್ಳುತ್ತದೆ. ಅಲ್ಲಿ ಶಾಖವನ್ನು ಗಾಳಿಗೆ ಬಿಟ್ಟು ಮತ್ತೆ ದ್ರವವಾಗಿ, ಎಳೆಯಷ್ಟು ಸಪೂರ ನಳಿಗೆಯೊಂದರ ಮೂಲಕ ಒಳಗೆ ಬರುತ್ತದೆ. ಒಳಗಿನಿಂದ ತೆಗೆದ ಶಾಖದ ಜೊತೆಗೆ ಕಂಪ್ರೆಸರ್ ತಿಂದ ವಿದ್ಯುತ್ತೂ ಕೊನೆಗೆ ಶಾಖವಾಗಿ ಅಡುಗೆಮನೆಗೇ ಬರುತ್ತದೆ. ಬೇಸಿಗೆಯಲ್ಲಿ ಬಾಗಿಲು ತೆರೆದಿಟ್ಟು ಕೋಣೆ ತಂಪು ಮಾಡಲು ಹೊರಟರೆ ಕೋಣೆ ಇನ್ನಷ್ಟು ಬಿಸಿಯಾಗುವುದು ಇದಕ್ಕೇ.

ಹೊಸ ಫ್ರಿಜ್ಜನ್ನು ಎಲ್ಲಿಡಬೇಕು ಎಂಬುದಕ್ಕೆ ಉತ್ತರವೂ ಇಲ್ಲಿಂದಲೇ ಸಿಗುತ್ತದೆ. ಬಿಸಿ ಬಿಡಲು ಅದಕ್ಕೆ ಜಾಗ ಬೇಕು. ಹಿಂಬದಿಯಲ್ಲಿ ಸುಮಾರು 10 ಸೆಂಟಿಮೀಟರ್, ಪಕ್ಕಗಳಲ್ಲೂ ಮೇಲೂ ಕೈ ತೂರುವಷ್ಟು. ನಿಖರ ಅಳತೆ ಜೊತೆಗೆ ಬಂದ ಕೈಪಿಡಿಯಲ್ಲಿರುತ್ತದೆ. ಹಳೆಯ ಫ್ರಿಜ್‌ಗಳ ಬೆನ್ನಿಗೆ ಕಪ್ಪು ಕಂಬಿಗಳ ಜಾಲರಿ ಇರುತ್ತಿತ್ತು. ಈಗ ಅನೇಕ ಮಾದರಿಗಳಲ್ಲಿ ಆ ಕೊಳವೆಗಳು ಪಕ್ಕದ ತಗಡಿನ ಒಳಗೆ ಅಡಗಿವೆ. ಹೊಸದರ ಮೈ ಮುಟ್ಟಿ ಬಿಸಿ ಇದೆಯೆಂದು ಗಾಬರಿಯಾಗಿ ಮೆಕ್ಯಾನಿಕ್‌ಗೆ ಫೋನ್ ಮಾಡುವವರಿದ್ದಾರೆ. ಬಿಸಿ ಬಿಡುವುದೇ ಅದರ ಕೆಲಸ. ಮಾಡ್ಯುಲರ್ ಅಡುಗೆಮನೆಯಲ್ಲಿ ಮೂರೂ ಕಡೆ ಪ್ಲೈವುಡ್ ಹೊಡೆದು ಬಿಗಿಯಾಗಿ ಕೂರಿಸುವುದು ನನಗೆ ಬಹಳ ಬೇಸರ ತರಿಸುವ ಫ್ಯಾಷನ್ನು. ಶಾಖ ಹೋಗಲು ದಾರಿ ಸಿಗದಿದ್ದರೆ ಕಂಪ್ರೆಸರ್‌ಗೆ ಬಿಡುವೇ ಇರುವುದಿಲ್ಲ.

ಬೆನ್ನಿನ ಮೇಲೋ ಒಳಗೋಡೆಯ ಮೇಲೋ ಅಂಟಿಸಿದ ಸಣ್ಣ ಚೀಟಿಯನ್ನು ಒಮ್ಮೆ ಓದಿ. ಯಾವ ಅನಿಲ, ಎಷ್ಟು ಗ್ರಾಂ ಎಂಬುದರ ಜೊತೆಗೆ ಹವಾಮಾನದ ವರ್ಗವೂ ಅಲ್ಲಿರುತ್ತದೆ. ‘ಎನ್’ ಎಂದಿದ್ದರೆ ಸುತ್ತಲಿನ ಗಾಳಿ 32 ಡಿಗ್ರಿವರೆಗೆ, ‘ಎಸ್‌ಟಿ’ ಎಂದಿದ್ದರೆ 38, ‘ಟಿ’ ಎಂದಿದ್ದರೆ 43 ಡಿಗ್ರಿವರೆಗೆ ಅದು ಸರಿಯಾಗಿ ದುಡಿಯಬಲ್ಲದು. ಮಡಿಕೇರಿಯಲ್ಲಿ ಯಾವುದಾದರೂ ನಡೆದೀತು. ಬೇಸಿಗೆಯಲ್ಲಿ 40 ದಾಟುವ ರಾಯಚೂರು, ಕಲಬುರಗಿಯವರು ಕೊಳ್ಳುವ ಮೊದಲೇ ‘ಟಿ’ ಇದೆಯೇ ಎಂದು ನೋಡಬೇಕು.

ಲಗೇಜ್ ಆಟೋದಲ್ಲಿ ತರುವಾಗ ಫ್ರಿಜ್ ನಿಂತೇ ಬರಬೇಕು. ಕಂಪ್ರೆಸರ್‌ನ ತಳದಲ್ಲಿ ಎಣ್ಣೆ ಇದೆ. ಮಲಗಿಸಿದರೆ ಅದು ಕೊಳವೆಗಳಿಗೆ ಹರಿಯುತ್ತದೆ. ಮೆಟ್ಟಿಲ ತಿರುವಿನಲ್ಲಿ ಕೊಂಚ ವಾಲಿಸಿದ್ದರೆ ಕೆಲವು ಗಂಟೆ, ಮಲಗಿಸಿಯೇ ತಂದಿದ್ದರೆ ಒಂದು ದಿನ ನಿಲ್ಲಿಸಿಟ್ಟು ಆಮೇಲೆ ಸ್ವಿಚ್ ಹಾಕುವುದು ಕ್ಷೇಮ. ಕಾಲುಗಳ ತಿರುಪು ತಿರುಗಿಸಿ ಮುಂಭಾಗವನ್ನು ಒಂದು ಎಳೆ ಎತ್ತರಿಸಿದರೆ ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತದೆ.

ಇನ್ನು ಪ್ಲಗ್ಗು. ಮೂರು ಪಿನ್ನುಗಳಲ್ಲಿ ಉದ್ದವೂ ದಪ್ಪವೂ ಆದದ್ದು ಅರ್ಥಿಂಗ್‌ನದು. ಒಳಗೆಲ್ಲೋ ತಂತಿ ಸವೆದು ಲೋಹದ ಮೈಗೆ ತಾಗಿದರೆ, ಆ ವಿದ್ಯುತ್ತನ್ನು ನೆಲಕ್ಕೆ ಇಳಿಸುವ ದಾರಿ ಅದೊಂದೇ. ಗೋಡೆಯಲ್ಲಿ ಎರಡೇ ತೂತಿದೆಯೆಂದು ಆ ಪಿನ್ನನ್ನು ಕತ್ತರಿಸುವವರನ್ನು, ಎರಡು ಪಿನ್ನಿನ ಅಡಾಪ್ಟರ್ ಸಿಕ್ಕಿಸುವವರನ್ನು ಈಗಲೂ ಕಾಣುತ್ತೇವೆ. ಅಡುಗೆಮನೆಯಲ್ಲಿ ನೆಲ ಒದ್ದೆ, ಕೈ ಒದ್ದೆ, ಕಾಲು ಬರಿದು. 230 ವೋಲ್ಟಿನ ಕರೆಂಟು ಮೈಯಲ್ಲಿ ಹರಿಯಲು ಇನ್ನೇನು ಬೇಕು? ಹೊಸ ಫ್ರಿಜ್ ಬರುವ ಮೊದಲೇ ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ಪರೀಕ್ಷಿಸಿ. ಸೋರಿಕೆಯನ್ನು ಕಂಡು 30 ಮಿಲಿಆಂಪಿಯರ್‌ನಲ್ಲೇ ಕರೆಂಟು ಕಡಿಯುವ ಸ್ವಿಚ್ ಹಾಕಿಸಿದರೆ ಇನ್ನೂ ಒಳ್ಳೆಯದು. ಅದಕ್ಕೆ ಆಗುವ ಖರ್ಚನ್ನು ಫ್ರಿಜ್ಜಿನ ಬೆಲೆಯಲ್ಲೇ ಸೇರಿಸಿಕೊಳ್ಳಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಎಕ್ಸ್‌ಟೆನ್ಷನ್ ಬಾಕ್ಸ್ ಬೇಡ. ಕಂಪ್ರೆಸರ್ ಶುರುವಾಗುವ ಕ್ಷಣ ಎಳೆಯುವ ಕರೆಂಟು ಓಡುವಾಗಿನದರ ಹಲವು ಪಟ್ಟು ಇರುತ್ತದೆ, ತೆಳು ತಂತಿ ಬಿಸಿಯಾಗುತ್ತದೆ.

ಕರೆಂಟು ಹೋಗಿ ಕೂಡಲೇ ಬಂದಾಗ ಹಳೆಯ ಬಗೆಯ ಕಂಪ್ರೆಸರ್ ಗುಂಯ್‌ಗುಟ್ಟಿ ನಿಂತುಬಿಡುವುದನ್ನು ಕೇಳಿರಬಹುದು. ಒಂದು ಕಡೆ ಒತ್ತಡ ಹೆಚ್ಚು, ಇನ್ನೊಂದು ಕಡೆ ಕಡಿಮೆ. ಸಪೂರ ನಳಿಗೆಯ ಮೂಲಕ ಅದು ಸಮವಾಗಲು ನಾಲ್ಕೈದು ನಿಮಿಷ ಹಿಡಿಯುತ್ತದೆ. ಅಷ್ಟು ಹೊತ್ತು ಸ್ವಿಚ್ ಆರಿಸಿಡಿ. ಹಳ್ಳಿಯ ಕಡೆ ದೀಪ ಆಗಾಗ ಮಂಕಾಗಿ ಉರಿಯುವಂತಿದ್ದರೆ ಸ್ಟೆಬಿಲೈಜರ್ ಬೇಕು. ಅದರಲ್ಲಿ ಈ ಕಾಯುವಿಕೆಯೂ ತಾನಾಗಿ ನಡೆಯುವಂಥವು ಸಿಗುತ್ತವೆ.

ಅನಿಲದ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. 1920ರ ದಶಕದ ಫ್ರಿಜ್‌ಗಳಲ್ಲಿ ಸಲ್ಫರ್ ಡೈಆಕ್ಸೈಡ್, ಅಮೋನಿಯಾದಂಥ ವಿಷಾನಿಲಗಳಿದ್ದವು. ಸೋರಿದ ಅನಿಲದಿಂದ ಬರ್ಲಿನ್ನಿನ ಕುಟುಂಬವೊಂದು ಸತ್ತ ಸುದ್ದಿ ಓದಿ ಮನಕಲಕಿದ ಆಲ್ಬರ್ಟ್ ಐನ್‌ಸ್ಟೈನ್, ಭೌತವಿಜ್ಞಾನಿ ಲಿಯೊ ಸಿಲಾರ್ಡ್ ಜೊತೆ ಸೇರಿ ಚಲಿಸುವ ಭಾಗವೇ ಇಲ್ಲದ ಫ್ರಿಜ್ ರೂಪಿಸಿ 1930ರಲ್ಲಿ ಅಮೆರಿಕದ ಪೇಟೆಂಟ್ ಪಡೆದರು. ಅದು ಅಂಗಡಿಗೆ ಬರಲಿಲ್ಲ. ವಿಷವಲ್ಲದ, ಉರಿಯದ ಫ್ರಿಯಾನ್ ಎಂಬ ಅನಿಲ ಬಂತು. ಅದು ಓಜೋನ್ ಪದರವನ್ನು ತಿನ್ನಬಲ್ಲದೆಂದು ವಿಜ್ಞಾನಿಗಳಾದ ಮೊಲಿನಾ ಮತ್ತು ರೋಲೆಂಡ್ 1974ರಲ್ಲಿ ತೋರಿಸಿದರು, ಅಂಥ ಅನಿಲಗಳನ್ನು ಕಡಿಮೆ ಮಾಡಲು 1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು. 1990ರ ದಶಕದ ಮೊದಲಲ್ಲಿ ಜರ್ಮನಿಯ ಕಾರ್ಖಾನೆಯೊಂದು ಪರಿಸರ ಸಂಘಟನೆ ಗ್ರೀನ್‌ಪೀಸ್ ಒತ್ತಾಸೆಯಿಂದ ಹೈಡ್ರೋಕಾರ್ಬನ್ ಫ್ರಿಜ್‌ಗಳನ್ನು ತಯಾರಿಸತೊಡಗಿತು. ಇಂದಿನ ಐಸೊಬ್ಯೂಟೇನ್ ಬಂದದ್ದು ಆ ದಾರಿಯಲ್ಲಿ. ಓಜೋನ್‌ಗೆ ತೊಂದರೆಯಿಲ್ಲ, ಭೂಮಿಯನ್ನು ಬಿಸಿ ಮಾಡುವುದೂ ತೀರಾ ಕಡಿಮೆ. ಆದರೆ ಅದು ಉರಿಯುತ್ತದೆ.

ಹೆದರುವಂಥದ್ದೇನಲ್ಲ. ಅಡುಗೆಮನೆಯ ಸಿಲಿಂಡರಿನಲ್ಲಿ 14.2 ಕಿಲೋ ಅನಿಲವಿದ್ದರೆ ಫ್ರಿಜ್ಜಿನಲ್ಲಿರುವುದು ಸಾಮಾನ್ಯವಾಗಿ ಹತ್ತಾರು ಗ್ರಾಂ ಅಷ್ಟೇ. ಪ್ರತಿ 8 ಗ್ರಾಂಗೆ ಕೋಣೆಯಲ್ಲಿ ಕನಿಷ್ಠ ಒಂದು ಘನ ಮೀಟರ್ ಗಾಳಿ ಇರಬೇಕೆಂಬುದು ಸುರಕ್ಷತೆಯ ಲೆಕ್ಕ. ಎಂಟಡಿ ಅಗಲ, ಎಂಟಡಿ ಉದ್ದದ ಅಡುಗೆಮನೆಯಲ್ಲೂ ಅದಕ್ಕಿಂತ ಧಾರಾಳವಾಗಿರುತ್ತದೆ. ಮೆಟ್ಟಿಲ ಕೆಳಗಿನ ಗೂಡಿನಲ್ಲಿ, ಕಿಟಕಿಯಿಲ್ಲದ ಉಗ್ರಾಣದಲ್ಲಿ ಮಾತ್ರ ಇಡಬಾರದು. ಇನ್ನೊಂದು ಮಾತು: ಅಡುಗೆ ಗ್ಯಾಸಿಗೆ ಸೇರಿಸಿರುವ ನಾತ ಇದಕ್ಕಿಲ್ಲ. ಸೋರಿದರೆ ಮೂಗಿಗೆ ಗೊತ್ತಾಗದು. ಹೀಗಾಗಿ ಐಸ್ ಕೆರೆಯಲು ಚಾಕು ಹಿಡಿಯುವ ಅಭ್ಯಾಸವನ್ನು ನಾವು ಬಿಡಲೇಬೇಕು. ಒಂಟಿ ಬಾಗಿಲಿನ ಬಹುತೇಕ ಫ್ರಿಜ್‌ಗಳ ಫ್ರೀಜರ್ ಗೂಡಿನ ಅಲ್ಯೂಮಿನಿಯಂ ಗೋಡೆಯೊಳಗೇ ಅನಿಲ ಹರಿಯುವ ಕಾಲುವೆಗಳಿವೆ. ಚಾಕುವಿನ ತುದಿ ತೂರಿದರೆ ಅನಿಲ ಹೋಯಿತು, ಫ್ರಿಜ್ಜೂ ಹೋಯಿತು. ಐಸು ಅರ್ಧ ಸೆಂಟಿಮೀಟರ್ ಕಟ್ಟುವ ಹೊತ್ತಿಗೆ ಡಿಫ್ರಾಸ್ಟ್ ಗುಂಡಿ ಒತ್ತಿ, ತಾನಾಗಿ ಕರಗಲು ಬಿಡಿ. ಚಾಕು ತಾಗಿ ಬುಸ್ ಎಂದಿತೋ, ಕಿಟಕಿಗಳನ್ನು ತೆರೆದು, ಹತ್ತಿರದ ಯಾವ ಸ್ವಿಚ್ಚನ್ನೂ ಮುಟ್ಟದೆ, ಒಲೆ ಹಚ್ಚದೆ ಹೊರಗೆ ಬನ್ನಿ. ರಿಪೇರಿಗೆ ಈ ಅನಿಲದ ಕೆಲಸ ಕಲಿತವರೇ ಬೇಕು.

ಒಳಗಿನ ಪಾಲನೆ ಸುಲಭ. ಕೆಳಗೆ 4 ಡಿಗ್ರಿ, ಫ್ರೀಜರ್‌ನಲ್ಲಿ ಮೈನಸ್ 18. ಬಿಸಿ ಸಾರನ್ನು ಆರಿಸಿಯೇ ಇಡಿ. ಬಾಗಿಲ ರಬ್ಬರನ್ನು ಸೋಪಿನ ನೀರಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ. ಬಾಗಿಲಲ್ಲಿ ಸಿಕ್ಕಿಸಿದ ಕಾಗದ ಸಲೀಸಾಗಿ ಜಾರಿ ಬಂದರೆ ರಬ್ಬರು ಸಡಿಲವಾಗಿದೆ ಎಂದರ್ಥ.

ಬೆನ್ನಿನ ಕೆಳಗೆ, ಕಂಪ್ರೆಸರ್‌ನ ನೆತ್ತಿಯ ಮೇಲೆ, ಒಂದು ಟ್ರೇ ಇದೆ. ಕರಗಿದ ಐಸಿನ ನೀರು ಅಲ್ಲಿಗಿಳಿದು ಕಂಪ್ರೆಸರ್‌ನ ಬಿಸಿಗೆ ಆರುತ್ತದೆ. ಮಳೆಗಾಲದಲ್ಲಿ ಬೇಗ ಆರುವುದಿಲ್ಲ. ಬೆಚ್ಚಗಿನ, ಕತ್ತಲೆಯ, ಯಾರೂ ಕದಡದ ನೀರು ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಹೇಳಿ ಮಾಡಿಸಿದ ಜಾಗ. 2024ರಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿದ ಮೇಲೆ ತೊಟ್ಟಿ, ಡ್ರಮ್ಮು, ಎಳನೀರಿನ ಚಿಪ್ಪುಗಳ ಕಡೆ ಜನರ ಗಮನ ಹೋಯಿತು. ಈ ಟ್ರೇ ಕಣ್ಣಿಗೆ ಬೀಳದೆ ಉಳಿಯುತ್ತದೆ. ಮೊಟ್ಟೆ ಹಾರುವ ಸೊಳ್ಳೆಯಾಗಲು ವಾರದಿಂದ ಹತ್ತು ದಿನ ಸಾಕು. ನೀರು ಚೆಲ್ಲಿದರಷ್ಟೇ ಸಾಲದು: ಮೊಟ್ಟೆಗಳು ಟ್ರೇಯ ಅಂಚಿಗೆ ಅಂಟಿಕೊಂಡು ಒಣಗಿದರೂ ತಿಂಗಳುಗಟ್ಟಲೆ ಬದುಕಬಲ್ಲವು. ವಾರಕ್ಕೊಮ್ಮೆ ಪ್ಲಗ್ ಕಿತ್ತು, ಕಂಪ್ರೆಸರ್ ಆರಿದ ಮೇಲೆ ಟ್ರೇ ತೆಗೆದು ಬ್ರಷ್ಷಿನಿಂದ ಉಜ್ಜಬೇಕು. ಹೊರಗೆ ಬರದ ಟ್ರೇ ಆದರೆ ಅಲ್ಲೇ ಬಟ್ಟೆಯಿಂದ ಗಟ್ಟಿಯಾಗಿ ಒರೆಸಬೇಕು. ಆಗಲೇ ಹಿಂದಿನ ಧೂಳು, ಜೇಡನ ಬಲೆ ಗುಡಿಸಿ, ಇಲಿ ವೈರು ಕಡಿದಿದೆಯೇ ಎಂದೂ ನೋಡಿ.

ಹೊಸದು ಬಂದ ಮನೆಯಲ್ಲಿ ಹಳೆಯದು ಹಿತ್ತಲಿಗೋ ಟೆರೇಸಿಗೋ ಹೋಗುತ್ತದೆ. ಕಣ್ಣಾಮುಚ್ಚಾಲೆ ಆಡುವ ಮಕ್ಕಳು ಬಿಸಾಡಿದ ಫ್ರಿಜ್ಜಿನೊಳಗೆ ಅಡಗಿ ಉಸಿರುಕಟ್ಟಿ ಸಾಯುವುದು ಹೆಚ್ಚಿದಾಗ, ಬಾಗಿಲು ಒಳಗಿನಿಂದಲೂ ತೆರೆಯುವಂತಿರಬೇಕೆಂದು ಅಮೆರಿಕ 1956ರಲ್ಲಿ ಕಾನೂನನ್ನೇ ಮಾಡಿತು. ಚಿಲಕ ಹೋಗಿ ರಬ್ಬರಿನೊಳಗೆ ಅಯಸ್ಕಾಂತದ ಪಟ್ಟಿ ಬಂದದ್ದು ಹಾಗೆ. ಆದರೂ ಪುಟ್ಟ ಮಗುವಿನ ಬಲವನ್ನು ನಂಬಿ ಕೂರಲಾಗದು. ಹಳೆಯದರ ಪ್ಲಗ್ ಕಿತ್ತ ದಿನವೇ ಬಾಗಿಲನ್ನು ಕಳಚಿ ಬೇರೆ ಇಡಿ. ಗುಜರಿಯವರು ಕೊಳವೆ ಕತ್ತರಿಸಿದರೆ ಒಳಗಿನ ಹಳೆಯ ಅನಿಲ ನೇರ ಆಕಾಶಕ್ಕೆ ಸೇರುತ್ತದೆ. ಇಂಗಾಲದ ಡೈಆಕ್ಸೈಡಿಗಿಂತ ಸಾವಿರ ಪಟ್ಟಿಗೂ ಹೆಚ್ಚು ಬಿಸಿ ಹಿಡಿಯುವ ಅನಿಲ ಅದು. ಫ್ರಿಜ್ ಕೊಂಡ ಅಂಗಡಿಯಲ್ಲೇ ಕೇಳಿ, ಅಧಿಕೃತ ಇ-ತ್ಯಾಜ್ಯ ಘಟಕಕ್ಕೆ ಒಪ್ಪಿಸಿ, ರಸೀದಿ ಪಡೆಯಿರಿ.